ಕೀ ಆನ್ ಇದ್ದರೂ ಕರೆಂಟ್ ಕೈಕೊಡುತ್ತಿದ್ದ ಹಳೇ ಬೈಕು: ಇಗ್ನಿಷನ್ ಸ್ವಿಚ್ ರಿಪೇರಿಯ ದಾಖಲೆ

ಗಾಡಿ 1970ರ ದಶಕದ್ದು. ಜಪಾನಿನಲ್ಲಿ ತಯಾರಾದ ಎರಡು ಸಿಲಿಂಡರ್ ಬೈಕು. 12 ವೋಲ್ಟ್, ನೆಗೆಟಿವ್ ಅರ್ತ್ (ಬ್ಯಾಟರಿಯ ನೆಗೆಟಿವ್ ಫ್ರೇಮಿಗೆ ಸೇರಿದೆ), ಎರಡು ಜೊತೆ ಪಾಯಿಂಟ್ (ಕಾಯಿಲ್ ಕರೆಂಟನ್ನು ಸರಿಯಾದ ಹೊತ್ತಿಗೆ ಕಡಿಯುವ ಸಣ್ಣ ಸ್ವಿಚ್), ಎರಡು ಕಾಯಿಲ್ (ಪ್ಲಗ್ ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಭಾಗ). ಇಡೀ ಗಾಡಿಗೆ ಒಂದೇ ಒಂದು 15 ಆಂಪಿಯರ್ ಗಾಜಿನ ಫ್ಯೂಸ್. ಕೀ ಹಾಕುವ ಇಗ್ನಿಷನ್ ಸ್ವಿಚ್ ಸವಾರನ ಎದುರಿನ ಎರಡು ಮೀಟರ್‌ಗಳ ನಡುವೆ ಇದೆ. ಅದರ ನಾಲ್ಕು ವೈರ್‌ಗಳು ಹೆಡ್‌ಲೈಟ್ ಡೂಮ್ (ದೀಪ ಕೂರುವ ಲೋಹದ ಬಟ್ಟಲು) ಒಳಗೆ ಇಳಿದು, ಒಂದು ಬಿಳಿ ನೈಲಾನ್ ಕನೆಕ್ಟರ್ ಮೂಲಕ ಮುಖ್ಯ ವೈರಿಂಗ್‌ಗೆ ಸೇರುತ್ತವೆ. ಕೆಂಪು ವೈರ್ ಬ್ಯಾಟರಿಯಿಂದ ಬರುವುದು. ಕರಿ ವೈರ್ ಕಾಯಿಲ್, ಹಾರ್ನ್, ಲೈಟ್ ಎಲ್ಲಕ್ಕೂ ಹೋಗುವುದು. ಕಂದು ಮತ್ತು ಕಂದು-ಬಿಳಿ ವೈರ್‌ಗಳು ಹಿಂದಿನ ಲೈಟಿನವು.

ಈ ಚಿಕ್ಕ ವಿವರ ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಗಾಡಿಗೆ ಬೇಕಾದ ಅಷ್ಟೂ ಕರೆಂಟ್ ಕೆಂಪು ವೈರಿನ ಒಂದೇ ಪಿನ್ ಮೂಲಕ ಹೋಗಬೇಕು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್) ಇಲ್ಲ, ಬೇರೆ ದಾರಿ ಇಲ್ಲ. ಐವತ್ತು ವರ್ಷ ಹಳೆಯ ಗಾಡಿಯಲ್ಲಿ ಆ ಪಿನ್ ಹೇಗಿರಬಹುದು, ಯೋಚಿಸಿ.

ತೊಂದರೆ ಏನಿತ್ತು

ಗುಂಡಿಗೆ ಚಕ್ರ ಇಳಿದಾಗ ಎಂಜಿನ್ ಒಂದು ಕ್ಷಣ ಸತ್ತು ಮತ್ತೆ ಹಿಡಿದುಕೊಳ್ಳುತ್ತಿತ್ತು. ನಿಧಾನಕ್ಕೆ ಹೋಗುವಾಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಕೆಲವೊಮ್ಮೆ ಆಫ್ ಆಗಿಯೇ ಬಿಡುತ್ತಿತ್ತು. ಕೀಯನ್ನು ಸ್ವಲ್ಪ ಅಲುಗಾಡಿಸಿದರೆ ಮತ್ತೆ ಜೀವ ಬರುತ್ತಿತ್ತು. ರಾತ್ರಿ ಹೆಡ್‌ಲೈಟ್ ಹಾಕಿದರೆ ಎಂಜಿನ್ ಎಳೆತವೇ ಕಡಿಮೆ ಆದ ಹಾಗೆ ಅನಿಸುತ್ತಿತ್ತು. ಇದರ ಜೊತೆಗೆ ಬ್ಯಾಟರಿ ನೀರು ಬೇಗ ಬೇಗ ಇಳಿಯುತ್ತಿತ್ತು. ಅದು ಬೇರೆಯೇ ತೊಂದರೆ ಅಂದುಕೊಂಡಿದ್ದೆ. ಅದರ ವಿಷಯ ಕೊನೆಯಲ್ಲಿ ಬರುತ್ತದೆ.

ಹಳೇ ಪಾಯಿಂಟ್ ಗಾಡಿ ಹೀಗೆ ಮಾಡಿದರೆ ಎಲ್ಲರ ಕೈ ಮೊದಲು ಹೋಗುವುದು ಪಾಯಿಂಟ್ ಮತ್ತು ಕಂಡೆನ್ಸರ್ ಕಡೆಗೆ. ಆದರೆ ಇಲ್ಲಿ ಒಂದು ಸುಳಿವು ಸ್ಪಷ್ಟವಾಗಿತ್ತು. ಎಂಜಿನ್ ಸಾಯುವ ಕ್ಷಣದಲ್ಲೇ ನ್ಯೂಟ್ರಲ್ ಲೈಟ್ ಕೂಡ ಆರುತ್ತಿತ್ತು. ಪಾಯಿಂಟ್ ಅಥವಾ ಕಾಯಿಲ್ ಕೆಟ್ಟರೆ ಲೈಟ್ ಆರಲು ಕಾರಣವೇ ಇಲ್ಲ. ಕಿಲ್ ಸ್ವಿಚ್ (ಎಂಜಿನ್ ತಕ್ಷಣ ನಿಲ್ಲಿಸುವ ಸ್ವಿಚ್) ಕೆಟ್ಟಿದ್ದರೂ ಕಿಡಿ ಮಾತ್ರ ಹೋಗುತ್ತದೆ, ಲೈಟ್ ಉಳಿಯುತ್ತದೆ. ಎಲ್ಲವೂ ಒಟ್ಟಿಗೆ ಹೋಗುತ್ತಿದೆ ಅಂದರೆ ತೊಂದರೆ ಎಲ್ಲಕ್ಕೂ ಸೇರಿದ ದಾರಿಯಲ್ಲಿ ಇರಬೇಕು: ಬ್ಯಾಟರಿ ಟರ್ಮಿನಲ್, ಅರ್ತ್ ಕೇಬಲ್, ಫ್ಯೂಸ್ ಹೋಲ್ಡರ್, ಇಗ್ನಿಷನ್ ಸ್ವಿಚ್ ಅಥವಾ ಅದರ ಕನೆಕ್ಟರ್. ಅಷ್ಟೇ. ಕಾರ್ಬುರೇಟರ್ ಮುಟ್ಟುವ ಅಗತ್ಯವೇ ಇಲ್ಲ.

ಹಂತ 1: ಕೀ ತೂತಿಗೆ ಸ್ಪ್ರೇ

ಸುಲಭದ ಕೆಲಸ ಮೊದಲು ಅಂತ ಕಾಂಟ್ಯಾಕ್ಟ್ ಕ್ಲೀನರನ್ನು ಕೀ ತೂತಿನೊಳಗೆ ಹೊಡೆದು, ಕೀಯನ್ನು ಆನ್ ಆಫ್ ಮಾಡುತ್ತಾ ಹೋದೆ. ಕೆಳಗಿನಿಂದ ಕಂದು ಬಣ್ಣದ ಕೊಳೆ ಸುರಿಯಿತು. ಗಾಡಿ ಚೆನ್ನಾಗಿಯೇ ಓಡಿತು. ಸ್ವಲ್ಪ ದಿನ ಅಷ್ಟೆ. ಆಮೇಲೆ ಅದೇ ಕಥೆ, ಮೊದಲಿಗಿಂತ ಜಾಸ್ತಿ.

ಯಾಕೆ ಹೀಗಾಯಿತು ಅನ್ನುವುದು ಸ್ವಿಚ್ ಬಿಚ್ಚಿದ ಮೇಲೆ ಗೊತ್ತಾಯಿತು. ಒಳಗೆ ಕಾಂಟ್ಯಾಕ್ಟ್ ಮೇಲೆ ಉಳಿದಿದ್ದ ಚೂರುಪಾರು ಗ್ರೀಸನ್ನೂ ಸ್ಪ್ರೇ ತೊಳೆದು ಹಾಕಿತ್ತು. ಗಟ್ಟಿಯಾದ ಕೊಳೆ ಮಾತ್ರ ಜಾಗ ಬದಲಾಯಿಸಿ ಅಲ್ಲೇ ಕೂತಿತ್ತು. ಕೀ ತೂತಿನಿಂದ ಸ್ಪ್ರೇ ಹೊಡೆಯುವುದು ರಿಪೇರಿ ಅಲ್ಲ. ದಾರಿ ಮಧ್ಯೆ ನಿಂತಾಗ ಮನೆ ಸೇರಲು ಅದು ಸಾಕು, ಅದಕ್ಕಿಂತ ಹೆಚ್ಚು ನಂಬಬಾರದು.

ಹಂತ 2: ಬೀಪ್ ಶಬ್ದ ಸಾಲದು

ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ದಾರಿ ಕೂಡಿದ್ದರೆ ಬೀಪ್ ಅನ್ನುವ ಸ್ಥಾನ) ಹಾಕಿ, ಸ್ವಿಚ್‌ನ ಕೆಂಪು ಮತ್ತು ಕರಿ ವೈರ್‌ಗಳ ನಡುವೆ ಹಿಡಿದೆ. ಕೀ ಆನ್ ಮಾಡಿದ ತಕ್ಷಣ ಜೋರಾಗಿ ಬೀಪ್ ಅಂದಿತು. ಇದನ್ನು ನಂಬಿ ಸ್ವಿಚ್ ಸರಿಯಿದೆ ಅಂತ ಬಿಟ್ಟವರು ಎಷ್ಟು ಜನರೋ. ಮೀಟರ್ ಬೀಪ್ ಮಾಡುವಾಗ ಒಂದೆರಡು ಮಿಲಿಆಂಪಿಯರ್ ಕಳಿಸಿದರೆ ಹೆಚ್ಚು. ಗಾಡಿ ಓಡುವಾಗ ಅದೇ ಜಾಗದಲ್ಲಿ 6 ಆಂಪಿಯರ್ ಹೋಗಬೇಕು. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ.

ಓಮ್ಸ್‌ಗೆ ಹಾಕಿ ನೋಡಿದರೂ ಉಪಯೋಗವಿಲ್ಲ. ಇಲ್ಲಿ ಹುಡುಕಬೇಕಾದದ್ದು 0.1, 0.2 ಓಮ್. ಸಾಧಾರಣ ಮೀಟರಿನ ಎರಡು ಪ್ರೋಬ್ ವೈರ್‌ಗಳೇ ಅಷ್ಟು ತೋರಿಸುತ್ತವೆ.

ಸರಿಯಾದ ವಿಧಾನ ಬೇರೆ. ಕೀ ಆನ್ ಮಾಡಿ, ಲೈಟ್ ಹಾಕಿ, ಕರೆಂಟ್ ಹರಿಯುತ್ತಿರುವಾಗಲೇ ಪ್ರತಿ ಜಾಯಿಂಟಿನ ಎರಡು ಬದಿಗೆ ಪ್ರೋಬ್ ಹಿಡಿದು ವೋಲ್ಟ್ ನೋಡಬೇಕು. ಒಳ್ಳೇ ಜಾಯಿಂಟ್ ಬಹುತೇಕ ಸೊನ್ನೆ ತೋರಿಸುತ್ತದೆ. ಕೆಟ್ಟ ಜಾಯಿಂಟ್ ತಾನೇ ಎಷ್ಟು ವೋಲ್ಟ್ ನುಂಗುತ್ತಿದೆ ಅಂತ ನೇರವಾಗಿ ಹೇಳಿಬಿಡುತ್ತದೆ. ಏನನ್ನೂ ಬಿಚ್ಚಬೇಕಿಲ್ಲ. ಬಿಚ್ಚಲೂ ಬಾರದು, ಯಾಕೆಂದರೆ ಕನೆಕ್ಟರ್ ಒಂದು ಸಲ ಎಳೆದು ಹಾಕಿದರೆ ಸಾಕು, ಕಿಲುಬು ಉಜ್ಜಿಹೋಗಿ ತೊಂದರೆ ತಾತ್ಕಾಲಿಕವಾಗಿ ಮಾಯವಾಗುತ್ತದೆ.

ಹಂತ 3: ಅಳತೆ

ಇಡೀ ಕೆಲಸದಲ್ಲಿ ಮುಖ್ಯವಾದ ಭಾಗ ಇದು. ಹೆಡ್‌ಲೈಟ್ ರಿಮ್ ಬಿಚ್ಚಿ ಬಲ್ಬಿನ ವೈರ್ ಸೇರಿಸಿಯೇ ಪಕ್ಕಕ್ಕೆ ಇಟ್ಟೆ. ಟ್ಯಾಂಕ್ ಇಳಿಸಿದೆ, ಕಾಯಿಲ್ ಕೈಗೆ ಸಿಗಬೇಕಲ್ಲ. ಎಂಜಿನ್ ತಿರುಗಿಸಿ ಒಂದು ಜೊತೆ ಪಾಯಿಂಟ್ ಮುಚ್ಚಿಕೊಂಡಿರುವ ಜಾಗದಲ್ಲಿ ನಿಲ್ಲಿಸಿದೆ. ಪಾಯಿಂಟ್ ತೆರೆದಿದ್ದರೆ ಕಾಯಿಲ್‌ನಲ್ಲಿ ಕರೆಂಟೇ ಹರಿಯುವುದಿಲ್ಲ, ಅಳತೆ ಸುಳ್ಳಾಗುತ್ತದೆ. ಆದರೆ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕೀ ಆನ್ ಇಟ್ಟರೆ ಕಾಯಿಲ್ ಬಿಸಿಯಾಗುತ್ತದೆ. ಒಂದು ಅಳತೆ ತೆಗೆದು ತಕ್ಷಣ ಕೀ ಆಫ್ ಮಾಡಿ, ಬರೆದುಕೊಂಡು, ಮತ್ತೆ ಆನ್ ಮಾಡುವುದು ಒಳ್ಳೆಯದು.

ಬ್ಯಾಟರಿ ಸುಮ್ನೆ ಇದ್ದಾಗ 12.7 ವೋಲ್ಟ್. ಕೀ ಆನ್, ಹೆಡ್‌ಲೈಟ್ ಆನ್ ಮಾಡಿದಾಗ 12.3. ಬ್ಯಾಟರಿ ಚೆನ್ನಾಗಿದೆ.

ಆಮೇಲೆ ಒಂದು ಪ್ರೋಬ್ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಕಾಯಿಲ್‌ಗೆ ಕರೆಂಟ್ ಬರುವ ವೈರ್‌ಗೆ. ಮೀಟರ್ ತೋರಿಸಿದ್ದು 2.4 ವೋಲ್ಟ್. ಅಂದರೆ ಕಾಯಿಲ್‌ಗೆ ಮುಟ್ಟುತ್ತಿದ್ದದ್ದು 9.9 ಮಾತ್ರ. 12 ವೋಲ್ಟಿನ ಕಾಯಿಲ್‌ಗೆ 10 ಕೂಡ ಸಿಗದಿದ್ದರೆ ಕಿಡಿ ಹೇಗೆ ಗಟ್ಟಿ ಬರಬೇಕು? ರಾತ್ರಿ ಎಳೆತ ಕಡಿಮೆ ಆಗುತ್ತಿದ್ದದ್ದಕ್ಕೆ ಉತ್ತರ ಇಲ್ಲೇ ಸಿಕ್ಕಿತು. ಹೆಡ್‌ಲೈಟ್ ಹಾಕಿದಾಗ ಅದೇ ದಾರಿಯಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ, ನಷ್ಟವೂ ಅಷ್ಟೇ ಜಾಸ್ತಿ.

ಈಗ ದಾರಿಯನ್ನು ತುಂಡು ತುಂಡಾಗಿ ಅಳೆಯುವ ಕೆಲಸ. ಕನೆಕ್ಟರ್ ಹಿಂಬದಿಯಿಂದ ವೈರ್ ಪಕ್ಕದಲ್ಲಿ ತೆಳು ಗುಂಡುಸೂಜಿ ತೂರಿಸಿ ಪಿನ್‌ಗೆ ತಾಗಿಸಿದರೆ ಪ್ರೋಬ್ ಹಿಡಿಯಲು ಜಾಗ ಸಿಗುತ್ತದೆ. ಸೂಜಿ ಡೂಮ್‌ನ ಲೋಹಕ್ಕೆ ತಾಗದ ಹಾಗೆ ಎಚ್ಚರ ಬೇಕು, ಕೆಂಪು ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ. ನನಗೆ ಸಿಕ್ಕ ಅಂಕಿಗಳು:

ಬ್ಯಾಟರಿಯಿಂದ ಫ್ಯೂಸ್ ಹೋಲ್ಡರ್‌ವರೆಗೆ: 0.05 ವೋಲ್ಟ್
ಫ್ಯೂಸ್ ಹೋಲ್ಡರ್‌ನ ಎರಡು ತುದಿ: 0.40
ಫ್ಯೂಸ್‌ನಿಂದ ಕನೆಕ್ಟರ್‌ವರೆಗಿನ ಕೆಂಪು ವೈರ್: 0.15
ಕನೆಕ್ಟರ್‌ನ ಕೆಂಪು ಪಿನ್: 0.90
ಇಗ್ನಿಷನ್ ಸ್ವಿಚ್ ಒಳಗೆ: 0.60
ಕನೆಕ್ಟರ್‌ನ ಕರಿ ಪಿನ್: 0.10
ಅಲ್ಲಿಂದ ಕಿಲ್ ಸ್ವಿಚ್ ದಾಟಿ ಕಾಯಿಲ್‌ವರೆಗೆ: 0.20

ಕೂಡಿದರೆ 2.4 ಸರಿಯಾಗಿ ಬರುತ್ತದೆ. ಹೀಗೆ ಮೊತ್ತ ತಾಳೆಯಾದರೆ ಯಾವ ಜಾಯಿಂಟೂ ಕಣ್ಣುತಪ್ಪಿಲ್ಲ ಅಂತ ಧೈರ್ಯ.

ಅರ್ತ್ ಬದಿಯನ್ನೂ ಬಿಡಬಾರದು. ಎಂಜಿನ್ ಕೇಸಿನಿಂದ ಬ್ಯಾಟರಿ ನೆಗೆಟಿವ್‌ಗೆ ಹಿಡಿದಾಗ 0.08 ಬಂತು. ಅದು ಪರವಾಗಿಲ್ಲ.

ಈ ಪಟ್ಟಿ ನೋಡಿ. ಎಲ್ಲರೂ ಬೈಯುವ ಸ್ವಿಚ್ ನುಂಗುತ್ತಿರುವುದು 0.6. ಅದರ ಕೆಳಗಿರುವ ಒಂದು ಪಿನ್ ನುಂಗುತ್ತಿರುವುದು 0.9. ಫ್ಯೂಸ್ ಹೋಲ್ಡರ್ ಇನ್ನೊಂದು 0.4. ಸ್ವಿಚ್ ಒಂದನ್ನೇ ಹೊಸದು ಹಾಕಿದ್ದರೆ ಮುಕ್ಕಾಲು ಭಾಗ ತೊಂದರೆ ಹಾಗೇ ಉಳಿಯುತ್ತಿತ್ತು.

ಹಂತ 4: ಅಲುಗಾಡಿಸಿ ನೋಡುವುದು

ಹ್ಯಾಂಡಲ್ ತಿರುಗಿಸಿದಾಗ ಆಫ್ ಆಗುತ್ತಿತ್ತಲ್ಲ, ಅದಕ್ಕೆ ಎರಡು ಕಾರಣ ಇರಬಹುದಿತ್ತು. ಸ್ಟೀರಿಂಗ್ ತಲೆಯ ಹತ್ತಿರ ವೈರಿಂಗ್ ಒಳಗೇ ಎಳೆಗಳು ತುಂಡಾಗಿರಬಹುದು. ಇಲ್ಲವೇ ಕನೆಕ್ಟರ್ ಎಳೆತಕ್ಕೆ ಸಿಗುತ್ತಿರಬಹುದು. ಮೊದಲನೆಯದಾದರೆ ಇಡೀ ವೈರಿಂಗ್ ಬಿಚ್ಚಬೇಕು, ಅದು ದೊಡ್ಡ ಕೆಲಸ. ಆದ್ದರಿಂದ ಇದನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಲಿಲ್ಲ.

ಬ್ಯಾಟರಿ ಪಾಸಿಟಿವ್‌ಗೂ ಕನೆಕ್ಟರ್‌ನ ಕೆಂಪು ವೈರಿಗೂ ಮೀಟರ್ ಕಟ್ಟಿಬಿಟ್ಟೆ. ಒಂದು ಕೈಯಲ್ಲಿ ಕನೆಕ್ಟರನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ಅಂಕಿ ಕದಲಲಿಲ್ಲ. ವೈರಿಂಗ್ ಗಟ್ಟಿಯಾಗಿದೆ. ಆಮೇಲೆ ಮೀಟರನ್ನು ಪಿನ್ನಿನ ಎರಡು ಬದಿಗೆ ಹಾಕಿ, ಹ್ಯಾಂಡಲ್ ಮುಟ್ಟದೆ, ಹೆಬ್ಬೆರಳಿನಿಂದ ಕನೆಕ್ಟರನ್ನು ಒತ್ತಿದೆ. 0.9 ಇದ್ದದ್ದು 0.3ಕ್ಕೆ ಇಳಿಯಿತು. ಬಿಟ್ಟರೆ 1.5. ಸ್ವಲ್ಪ ಕೆಳಗೆ ಎಳೆದರೆ ಎಲ್ಲ ಆಫ್.

ಡೂಮ್ ಒಳಗೆ ನೋಡಿದರೆ ಕಾರಣ ಕಣ್ಣಿಗೇ ಕಂಡಿತು. ಹಿಂದೆ ಯಾರೋ ಇಡೀ ವೈರ್ ಕಟ್ಟನ್ನು ಒಂದು ಪ್ಲಾಸ್ಟಿಕ್ ಟೈನಿಂದ ಬಿಗಿದು ಕಟ್ಟಿದ್ದರು. ಹ್ಯಾಂಡಲ್ ಎಡಕ್ಕೆ ತಿರುಗಿದಾಗೆಲ್ಲ ಎಳೆತ ನೇರ ಕನೆಕ್ಟರ್ ಮೇಲೆ ಬೀಳುತ್ತಿತ್ತು. ಚೆಂದ ಕಾಣಲಿ ಅಂತ ಕಟ್ಟಿರಬೇಕು. ವೈರ್‌ಗೆ ಆಡಲು ಜಾಗ ಬೇಕು.

ಹಂತ 5: ಬಿಚ್ಚುವುದು

ಮೊದಲು ಬ್ಯಾಟರಿ ನೆಗೆಟಿವ್ ಕಳಚಿದೆ. ಯಾವ ಬದಿ ಫ್ರೇಮಿಗೆ ಸೇರಿದೆಯೋ ಅದನ್ನೇ ಮೊದಲು ಕಳಚಬೇಕು. ಹಳೇ ಇಂಗ್ಲಿಷ್ ಬೈಕುಗಳಲ್ಲಿ ಎಷ್ಟೋ ಪಾಸಿಟಿವ್ ಅರ್ತ್ ಇರುತ್ತವೆ, ಅವುಗಳಲ್ಲಿ ಇದು ತಿರುವುಮುರುವು. ಎಲ್ಲ ಕೋನದಿಂದ ಫೋಟೋ ತೆಗೆದೆ. ಪ್ರತಿ ವೈರಿಗೂ ಟೇಪ್ ಸುತ್ತಿ ಬಣ್ಣ ಬರೆದೆ. ಹಳೇ ವೈರಿನಲ್ಲಿ ಕಂದು ಮತ್ತು ಮಾಸಿದ ಕೆಂಪು ಒಂದೇ ಥರ ಕಾಣುತ್ತವೆ, ನೆನಪಿನ ಮೇಲೆ ಬಿಡಬಾರದು.

ಕನೆಕ್ಟರ್ ಬಿಡಿಸಿದಾಗ ಕೆಂಪು ಪಿನ್ ಸುತ್ತ ನೈಲಾನ್ ಸುಟ್ಟು ಕಂದಾಗಿತ್ತು. ಒಂದು ಬದಿ ಕರಗಿ ಪಿನ್ ಓರೆಯಾಗಿತ್ತು. ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. 0.9 ವೋಲ್ಟ್, 6 ಆಂಪಿಯರ್ ಅಂದರೆ 5 ವಾಟ್‌ಗಿಂತ ಜಾಸ್ತಿ ಬಿಸಿ. ಅಷ್ಟೂ ಬಿಸಿ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಪಿನ್ನಿನಲ್ಲಿ. ಬಿಸಿಯಾದಷ್ಟೂ ಹಿತ್ತಾಳೆಯ ಸ್ಪ್ರಿಂಗ್ ಗುಣ ಹೋಗುತ್ತದೆ, ಹಿಡಿತ ಸಡಿಲವಾಗುತ್ತದೆ, ಮತ್ತೆ ಬಿಸಿ ಜಾಸ್ತಿ.

ಇಲ್ಲೊಂದು ಪ್ರಯೋಗ ಮಾಡಿ ನೋಡಿದೆ. ಹಳೇ ಪಿನ್ನನ್ನು ಉಜ್ಜಿ, ಹೆಣ್ಣು ಟರ್ಮಿನಲನ್ನು ಮೂತಿ ಇಕ್ಕಳದಿಂದ ಸ್ವಲ್ಪ ಬಿಗಿಮಾಡಿ, ತಾತ್ಕಾಲಿಕವಾಗಿ ಜೋಡಿಸಿದೆ. 0.9 ಹೋಗಿ 0.12 ಬಂತು. ಸಂತೋಷ ಆಯಿತು. ಹೆಡ್‌ಲೈಟ್ ಉರಿಸಿಟ್ಟು ಸ್ವಲ್ಪ ಹೊತ್ತು ಬಿಟ್ಟು ಅಳೆದರೆ 0.35, ಮುಂದೆ ಅದು ಏರುತ್ತಲೇ ಹೋಯಿತು. ಒಮ್ಮೆ ಸುಟ್ಟ ಟರ್ಮಿನಲ್ ಅದುಮಿದರೆ ಹಾಗೇ ನಿಲ್ಲುವುದಿಲ್ಲ. ಸ್ಪ್ರಿಂಗ್ ಸತ್ತುಹೋಗಿರುತ್ತದೆ. ಬಣ್ಣ ಬದಲಾದ ಟರ್ಮಿನಲ್ ಕಂಡರೆ ಕತ್ತರಿಸಿ ಹೊಸದು ಹಾಕುವುದೇ ಸರಿ.

ಹಂತ 6: ಸ್ವಿಚ್ ಒಳಗೆ

ಹೊಸ ಸ್ವಿಚ್ ಹಾಕಿಬಿಡಬಹುದಲ್ಲ ಅನ್ನಬಹುದು. ಇದೇ ಅಳತೆಗೆ ಕೂರುವ ಒಂದು ಹೊಸ ಸ್ವಿಚ್ ಕೈಯಲ್ಲಿತ್ತು. ಅದನ್ನು ಮೇಜಿನ ಮೇಲೆ ಬ್ಯಾಟರಿ ಮತ್ತು ಹೆಡ್‌ಲೈಟ್ ಬಲ್ಬಿಗೆ ಜೋಡಿಸಿ ಅಳೆದೆ. ಹೊಚ್ಚ ಹೊಸದರಲ್ಲೇ, ಬರೀ ಒಂದು ಬಲ್ಬಿನ ಕರೆಂಟಿಗೇ 0.25 ವೋಲ್ಟ್ ನಷ್ಟ. ಕೀ ಕೂಡ ಬೇರೆ, ಸ್ಟೀರಿಂಗ್ ಲಾಕಿಗೆ ಒಂದು, ಸ್ವಿಚ್‌ಗೆ ಒಂದು ಕೀ ಇಟ್ಟುಕೊಳ್ಳಬೇಕು. ಹಳೆಯ ಸ್ವಿಚ್‌ನ ಲಾಕ್ ಭಾಗ ಗಟ್ಟಿಮುಟ್ಟಾಗಿದೆ. ಅದರ ಮೈಮೇಲಿನ ಕೀ ನಂಬರ್ ಇನ್ನೂ ಓದಲು ಬರುತ್ತದೆ. ಇಂಥದ್ದನ್ನು ಎಸೆಯಲು ಮನಸ್ಸು ಬರಲಿಲ್ಲ, ಎಸೆಯುವ ಕಾರಣವೂ ಇರಲಿಲ್ಲ.

ಸ್ವಿಚ್‌ನ ತಳದಲ್ಲಿ ವೈರ್‌ಗಳಿರುವ ಒಂದು ತಟ್ಟೆ ಇದೆ. ಅದನ್ನು ಹಿಡಿದಿರುವುದು ಮೂರು ಚಿಕ್ಕ ಕಿವಿಗಳು. ಚಿಕ್ಕ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಒಂದೊಂದೇ ಕಿವಿ ಒಳಗೆ ಒತ್ತುತ್ತಾ ತಟ್ಟೆಯನ್ನು ಸಮನಾಗಿ ಮೇಲೆತ್ತಬೇಕು. ಒಂದೇ ಬದಿ ಎತ್ತಿದರೆ ಕಿವಿ ಮುರಿಯುತ್ತದೆ. ಒಳಗೆ ಒಂದು ಸ್ಪ್ರಿಂಗ್, ಒಂದು ಸಣ್ಣ ಉಕ್ಕಿನ ಗುಂಡು, ತಿರುಗುವ ಕಾಂಟ್ಯಾಕ್ಟ್ ತಟ್ಟೆ ಇವೆ. ಸ್ಪ್ರಿಂಗ್ ಒತ್ತಡದಲ್ಲಿ ಇರುವುದರಿಂದ ಗುಂಡು ಹಾರಿಹೋಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಿಚ್ಚಿದರೆ ಹಾರಿದರೂ ಚೀಲದಲ್ಲೇ ಇರುತ್ತದೆ. ಹಾಗೇ ಮಾಡಿದೆ.

ಒಳಗಿನ ಗ್ರೀಸ್ ಒಣಗಿ ವಾರ್ನಿಶ್ ಆಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಹಳೇ ಟೂತ್‌ಬ್ರಶ್‌ನಿಂದ ಉಜ್ಜಿದಾಗ ತಾಮ್ರದ ಬಣ್ಣ ಕಂಡಿತು. ಕೆಂಪು ವೈರಿನ ಕಾಂಟ್ಯಾಕ್ಟ್ ಮೇಲೆ ಚಿಕ್ಕ ಚಿಕ್ಕ ಗುಳಿ ಬಿದ್ದಿದ್ದವು. ಕಿಡಿ ಹಾರಿ ಹಾಗಾಗಿದೆ. 1000 ನಂಬರಿನ ಎಮರಿ ಪೇಪರನ್ನು ಚಪ್ಪಟೆ ಕಡ್ಡಿಗೆ ಸುತ್ತಿ ಹಗುರವಾಗಿ ಉಜ್ಜಿ, 2000ದಲ್ಲಿ ನುಣುಪು ಮಾಡಿದೆ. ಗುಳಿಗಳು ಪೂರ್ತಿ ಹೋಗಬೇಕು ಅಂತ ಹಠ ಹಿಡಿಯಬಾರದು. ಎದ್ದು ನಿಂತ ಅಂಚುಗಳು ಸಮವಾದರೆ ಸಾಕು. ಅರ ಹಾಕಿದರೆ ತಾಮ್ರ ಸವೆದು ತಟ್ಟೆಯ ಒತ್ತಡ ಕಡಿಮೆಯಾಗುತ್ತದೆ.

ನಿಜವಾದ ಕಳ್ಳ ಇದ್ದದ್ದು ತಟ್ಟೆಯ ಹಿಂಬದಿಯಲ್ಲಿ. ವೈರನ್ನು ರಿವೆಟ್ ತಲೆಗೆ ಬೆಸುಗೆ ಹಾಕಿರುವ ಜಾಗ. ಕೆಂಪು ವೈರಿನ ಬೆಸುಗೆ ಸುತ್ತ ಕೂದಲೆಳೆಯಂಥ ಒಂದು ಉಂಗುರ ಕಂಡಿತು. ಭೂತಗನ್ನಡಿ ಇಲ್ಲದೆ ಗೊತ್ತಾಗುವಂಥದ್ದಲ್ಲ. ಉಗುರಿನಿಂದ ವೈರನ್ನು ಅಲುಗಿಸಿದರೆ ಬೆಸುಗೆಯ ಮುದ್ದೆ ರಿವೆಟ್ ಮೇಲೆ ತಿರುಗುತ್ತಿತ್ತು. ಕೀ ಅಲುಗಾಡಿಸಿದಾಗ ಗಾಡಿಗೆ ಜೀವ ಬರುತ್ತಿದ್ದದ್ದು ಇದೇ ಕಾರಣಕ್ಕೆ. ಕೀಯನ್ನು ಅಲ್ಲ, ಈ ಜಾಯಿಂಟನ್ನು ಅಲುಗಿಸುತ್ತಿದ್ದೆ.

ಹಂತ 7: ಬೆಸುಗೆ ಮತ್ತು ವೈರ್

ಹಳೇ ಬೆಸುಗೆಯನ್ನು ಹೀರುವ ಪಂಪ್‌ನಿಂದ ಪೂರ್ತಿ ತೆಗೆದೆ. ರಿವೆಟ್ ತಲೆಯನ್ನು ಕೆರೆದು ಹೊಳಪು ಬರಿಸಿದೆ. 60 ವಾಟ್ ಐರನ್, ರಾಳದ ಫ್ಲಕ್ಸ್, 63/37 ತವರ-ಸೀಸದ ತಂತಿ. ಅದು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಚಿಕ್ಕ ಐರನ್ ಇಟ್ಟುಕೊಂಡು ತುಂಬಾ ಹೊತ್ತು ಕಾಯಿಸುವುದಕ್ಕಿಂತ ದೊಡ್ಡ ಐರನ್‌ನಿಂದ ಬೇಗ ಮುಗಿಸುವುದು ಲೇಸು. ರಿವೆಟ್ ಕೂತಿರುವ ಬೇಕಲೈಟ್ ತಟ್ಟೆ ಹೆಚ್ಚು ಬಿಸಿ ತಡೆಯುವುದಿಲ್ಲ. ಮುಂಭಾಗದ ಕಾಂಟ್ಯಾಕ್ಟ್ ಒದ್ದೆ ಬಟ್ಟೆ ಮೇಲೆ ಇರುವಂತೆ ಇಟ್ಟುಕೊಂಡು ಬೆಸೆದೆ. ಪೈಪ್ ಬೆಸೆಯುವವರು ಬಳಸುವ ಆಸಿಡ್ ಫ್ಲಕ್ಸ್ ಮಾತ್ರ ಬೇಡ. ಅದು ಒಳಗೊಳಗೇ ತಾಮ್ರವನ್ನು ತಿನ್ನುತ್ತದೆ.

ಉಳಿದ ಮೂರು ವೈರ್ ನೋಡಲು ಚೆನ್ನಾಗಿಯೇ ಇದ್ದವು. ಆದರೂ ಬಿಚ್ಚಿದ ಮೇಲೆ ಬಿಡುವುದೇಕೆ, ಅವನ್ನೂ ಹೊಸದಾಗಿ ಬೆಸೆದೆ.

ಕೆಂಪು ವೈರಿನ ಇನ್ನೊಂದು ತುದಿ, ಅಂದರೆ ಮುಖ್ಯ ವೈರಿಂಗ್ ಬದಿ, ಜಾಸ್ತಿ ಕೆಲಸ ಕೊಟ್ಟಿತು. ಸುಟ್ಟ ಟರ್ಮಿನಲ್ ಕತ್ತರಿಸಿ ಪ್ಲಾಸ್ಟಿಕ್ ಸುಲಿದರೆ ಒಳಗೆ ತಾಮ್ರದ ಎಳೆಗಳು ಕಪ್ಪಾಗಿದ್ದವು. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಕ್ರಿಂಪ್ ಮಾಡಿದರೂ (ಟರ್ಮಿನಲನ್ನು ವೈರಿಗೆ ಒತ್ತಿ ಕೂರಿಸಿದರೂ) ಮೇಲಿನ ಕಪ್ಪು ಪದರ ಕರೆಂಟಿಗೆ ಅಡ್ಡಿ. ಹೊಳೆಯುವ ತಾಮ್ರ ಸಿಗುವವರೆಗೆ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹಿಂದೆ ಹೋದೆ. 6 ಸೆಂಟಿಮೀಟರ್ ಹೋಯಿತು. ಅಲ್ಲಿಗೆ ವೈರ್ ಗಿಡ್ಡವಾಯಿತು. ಹೊಸ 2 ಚದರ ಮಿಲಿಮೀಟರಿನ ಕೆಂಪು ವೈರನ್ನು ಬೆಸೆದು ಉದ್ದ ಮಾಡಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಹಿಡಿಯುವ ಹೀಟ್‌ಶ್ರಿಂಕ್ ಹಾಕಿದೆ. ಬೆಸುಗೆ ಮಾಡಿದ ಜಾಗದಲ್ಲಿ ವೈರ್ ಗಡುಸಾಗುತ್ತದೆ, ಅಲ್ಲಿ ಬಗ್ಗಿದರೆ ಮುರಿಯುತ್ತದೆ. ಹಾಗಾಗಿ ಈ ಜಾಯಿಂಟ್ ಡೂಮ್ ಒಳಗೆ ನೇರವಾಗಿ ಇರುವ ಭಾಗದಲ್ಲಿ ಬರುವಂತೆ ನೋಡಿಕೊಂಡೆ, ಸ್ಟೀರಿಂಗ್ ಬಾಗುವ ಕಡೆ ಅಲ್ಲ.

ಹೊಸ ಕನೆಕ್ಟರ್ ನಾಲ್ಕು ಪಿನ್ನಿನದು, 6.3 ಮಿಲಿಮೀಟರ್ ಅಗಲದ ಚಪ್ಪಟೆ ಟರ್ಮಿನಲ್, ಲಾಕ್ ಇರುವಂಥದ್ದು. ತವರ ಲೇಪ ಇರುವ ಹಿತ್ತಾಳೆ. ಟರ್ಮಿನಲ್‌ನಲ್ಲಿ ಎರಡು ಜೊತೆ ರೆಕ್ಕೆಗಳಿರುತ್ತವೆ. ಮುಂದಿನದು ತಾಮ್ರವನ್ನು ಹಿಡಿಯುವುದು, ಹಿಂದಿನದು ಪ್ಲಾಸ್ಟಿಕ್ ಹೊದಿಕೆಯನ್ನು. ಇದಕ್ಕೆ ರೆಕ್ಕೆಗಳನ್ನು ಒಳಕ್ಕೆ ಸುರುಳಿ ಮಾಡಿ ಒತ್ತುವ ಕ್ರಿಂಪಿಂಗ್ ಟೂಲ್ ಬೇಕೇ ಬೇಕು. ಸಾಧಾರಣ ಇಕ್ಕಳದಿಂದ ಅದುಮಿ ಒಂದು ಮಾದರಿ ಮಾಡಿ ಎಳೆದು ನೋಡಿದೆ, ವೈರ್ ಸಲೀಸಾಗಿ ಹೊರಬಂತು. ಟೂಲ್‌ನಿಂದ ಮಾಡಿದ್ದು ಎಷ್ಟು ಎಳೆದರೂ ಬರಲಿಲ್ಲ. ಪ್ರತಿ ಟರ್ಮಿನಲನ್ನೂ ಹೀಗೆ ಎಳೆದು ನೋಡಿಯೇ ಕನೆಕ್ಟರ್‌ಗೆ ತೂರಿಸಿದೆ.

ಇನ್ನೊಂದು ಮಾತು, ಇದು ಎಷ್ಟೋ ಜನ ಗಮನಿಸದೆ ಬಿಡುವುದು. ಹೆಣ್ಣು ಟರ್ಮಿನಲ್ ಇರುವ ಭಾಗ ಬ್ಯಾಟರಿ ಕಡೆಗೆ ಬರಬೇಕು. ಗಂಡು ಪಿನ್‌ಗಳು ಹೊರಗೆ ಚಾಚಿಕೊಂಡಿರುತ್ತವೆ. ಅವು ಬ್ಯಾಟರಿ ಕಡೆ ಇದ್ದು, ಕನೆಕ್ಟರ್ ಬಿಡಿಸಿದಾಗ ಡೂಮ್‌ನ ಲೋಹಕ್ಕೆ ತಾಗಿದರೆ ಅಲ್ಲೇ ಶಾರ್ಟ್.

ಹಂತ 8: ಜೋಡಣೆ

ಕಾಂಟ್ಯಾಕ್ಟ್ ಮೇಲೆ ಪ್ಲಾಸ್ಟಿಕ್‌ಗೆ ಹಾನಿ ಮಾಡದ ಸ್ವಿಚ್ ಗ್ರೀಸನ್ನು ತೆಳುವಾಗಿ ಸವರಿದೆ. ತಾಮ್ರದ ಪುಡಿ ಇರುವ ಗ್ರೀಸ್ ಅಥವಾ ಗ್ರಾಫೈಟ್ ಗ್ರೀಸ್ ಇಲ್ಲಿ ಹಾಕಬಾರದು. ಅವುಗಳಲ್ಲಿ ಕರೆಂಟ್ ಹರಿಯುತ್ತದೆ, ಪಕ್ಕಪಕ್ಕದ ಕಾಂಟ್ಯಾಕ್ಟ್‌ಗಳ ನಡುವೆ ಸೋರುವ ಅಪಾಯ ಇದೆ.

ತಿರುಗುವ ತಟ್ಟೆ ನೋಡಲು ಎರಡು ರೀತಿಯಲ್ಲೂ ಕೂರುತ್ತದೆ. ಸರಿಯಾದದ್ದು ಒಂದೇ. ಮುಚ್ಚುವ ಮುಂಚೆ ಕೀ ಹಾಕಿ ಮೂರೂ ಸ್ಥಾನದಲ್ಲಿ ಮೀಟರ್ ಹಿಡಿದು ನೋಡಬೇಕು. ಈ ಸ್ವಿಚ್‌ನಲ್ಲಿ ಆಫ್ ಇದ್ದಾಗ ಯಾವುದಕ್ಕೂ ಯಾವುದೂ ಸೇರಬಾರದು. ಆನ್‌ನಲ್ಲಿ ಕೆಂಪು-ಕರಿ ಒಂದು ಜೋಡಿ, ಕಂದು ಮತ್ತು ಕಂದು-ಬಿಳಿ ಇನ್ನೊಂದು ಜೋಡಿ. ಪಾರ್ಕ್‌ನಲ್ಲಿ ಕೆಂಪು-ಕಂದು ಮಾತ್ರ, ಅಂದರೆ ನಿಲ್ಲಿಸಿದ ಗಾಡಿಯ ಹಿಂದಿನ ಲೈಟ್ ಉರಿಸುವ ಸ್ಥಾನ. ಬೀಪ್ ಶಬ್ದ ಇಂಥ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಯಾವುದಕ್ಕೆ ಯಾವುದು ಸೇರಿದೆ ಅಂತ ಅದು ಹೇಳುತ್ತದೆ, ಎಷ್ಟು ಚೆನ್ನಾಗಿ ಸೇರಿದೆ ಅಂತ ಹೇಳುವುದಿಲ್ಲ.

ಫ್ಯೂಸ್ ಹೋಲ್ಡರ್‌ನ ಕ್ಲಿಪ್‌ಗಳು ಸಡಿಲವಾಗಿ ಕಿಲುಬು ಹಿಡಿದಿದ್ದವು. ಜೊತೆಗೆ ಅದರಲ್ಲಿ ಇದ್ದದ್ದು 32 ಮಿಲಿಮೀಟರ್ ಉದ್ದದ ಫ್ಯೂಸ್. ಹೋಲ್ಡರ್ 30 ಮಿಲಿಮೀಟರಿನದು. ಬಲವಂತವಾಗಿ ತುರುಕಿ ಕ್ಲಿಪ್ ಅಗಲವಾಗಿತ್ತು. ಅದನ್ನು ತೆಗೆದು ಮುಚ್ಚಳ ಇರುವ ಬ್ಲೇಡ್ ಫ್ಯೂಸ್ ಹೋಲ್ಡರ್ ಹಾಕಿದೆ, ಅದೇ 15 ಆಂಪಿಯರ್. ಹಳೆಯ ರೂಪ ಹಾಗೇ ಉಳಿಯಬೇಕು ಅನ್ನುವವರಿಗೆ ಇದು ಇಷ್ಟವಾಗಲಿಕ್ಕಿಲ್ಲ. ಸೈಡ್ ಕವರ್ ಒಳಗೆ ಕಾಣದ ಜಾಗದಲ್ಲಿ ಇರುವ ವಸ್ತು, ನನಗೆ ಇಲ್ಲಿ ನಂಬಿಕೆ ಮುಖ್ಯ. ಕಿಲ್ ಸ್ವಿಚ್ ಬಿಚ್ಚಿ ತೊಳೆದು ಗ್ರೀಸ್ ಹಾಕಿದೆ, ಅದರಲ್ಲಿ ಹೇಳುವಂಥದ್ದೇನಿಲ್ಲ.

ಡೂಮ್ ಒಳಗೆ ಪ್ಲಾಸ್ಟಿಕ್ ಟೈ ಕತ್ತರಿಸಿ, ವೈರ್‌ಗಳಿಗೆ ಒಂದು ಸಡಿಲ ಬಾಗು ಕೊಟ್ಟೆ. ಹ್ಯಾಂಡಲ್ ಎರಡೂ ತುದಿಗೆ ತಿರುಗಿಸಿದಾಗ ಕನೆಕ್ಟರ್ ಕದಲುವುದಿಲ್ಲ.

ರಿಲೇ ಹಾಕುವ ವಿಚಾರವೂ ಬಂದಿತ್ತು. ಕಾಯಿಲ್‌ಗೆ ಬ್ಯಾಟರಿಯಿಂದ ನೇರ ವೈರ್ ಎಳೆದು, ಸ್ವಿಚ್ ಬರೀ ರಿಲೇಯನ್ನು ಎಬ್ಬಿಸುವ ಹಾಗೆ ಮಾಡುವುದು. ವೋಲ್ಟ್ ನಷ್ಟಕ್ಕೆ ಅದು ಒಳ್ಳೇ ಮದ್ದು. ಆದರೆ ಬಿರುಕು ಬಿಟ್ಟ ಬೆಸುಗೆ ಹಾಗೇ ಇದ್ದರೆ ಗುಂಡಿಗೆ ಇಳಿದಾಗ ಸ್ವಿಚ್ ದಾರಿ ಕಡಿಯುತ್ತದೆ, ರಿಲೇಯೂ ಬೀಳುತ್ತದೆ, ಎಂಜಿನ್ ಮತ್ತೆ ಸಾಯುತ್ತದೆ. ಮೊದಲು ಮೂಲ ದಾರಿ ಸರಿಯಾಗಲಿ. 35 ವಾಟ್ ಬಲ್ಬ್ ತೆಗೆದು 60/55 ವಾಟ್ ಹ್ಯಾಲೊಜನ್ ಹಾಕುವವರು ಮಾತ್ರ ಹೆಡ್‌ಲೈಟಿಗೆ ರಿಲೇ ಇಲ್ಲದೆ ಹೋಗಬಾರದು.

ಹಂತ 9: ಮತ್ತೆ ಅಳತೆ

ಅದೇ ಪಾಯಿಂಟ್ ಸ್ಥಿತಿ, ಅದೇ ಲೈಟ್, ಅದೇ ಕ್ರಮ.

ಬ್ಯಾಟರಿಯಿಂದ ಫ್ಯೂಸ್‌ವರೆಗೆ: 0.04
ಫ್ಯೂಸ್ ಹೋಲ್ಡರ್: 0.06
ಕೆಂಪು ವೈರ್: 0.12
ಕೆಂಪು ಪಿನ್: 0.04
ಸ್ವಿಚ್ ಒಳಗೆ: 0.08
ಕರಿ ಪಿನ್: 0.04
ಕಾಯಿಲ್‌ವರೆಗೆ: 0.07

ಒಟ್ಟು 0.45. ಕಾಯಿಲ್‌ಗೆ ಈಗ 11.85 ವೋಲ್ಟ್ ಸಿಗುತ್ತದೆ. ಮೊದಲಿಗಿಂತ ಸುಮಾರು 2 ವೋಲ್ಟ್ ಜಾಸ್ತಿ. ಹೆಡ್‌ಲೈಟ್ ಬೆಳಕು ಹಳದಿಯಿಂದ ಬಿಳಿಯ ಕಡೆ ತಿರುಗಿದೆ. ಕಿಕ್ ಹೊಡೆದರೆ ಬಿಸಿ ಎಂಜಿನ್ ಕೂಡ ತಕ್ಷಣ ಹಿಡಿಯುತ್ತದೆ. ಐಡಲ್ ಸ್ವಲ್ಪ ಏರಿತ್ತು, ಸ್ಕ್ರೂ ತಿರುಗಿಸಿ ಇಳಿಸಬೇಕಾಯಿತು. ಕೆಟ್ಟ ರಸ್ತೆಯಲ್ಲಿ ಬೇಕೆಂದೇ ಗುಂಡಿ ಹುಡುಕಿ ಇಳಿಸಿದೆ, ನ್ಯೂಟ್ರಲ್ ಲೈಟ್ ಒಮ್ಮೆಯೂ ಮಿಣುಕಲಿಲ್ಲ. ಹೆಡ್‌ಲೈಟ್ ಹಾಕಿಕೊಂಡು ದೂರ ಓಡಿಸಿ ಬಂದು ಡೂಮ್ ತೆರೆದು ಕನೆಕ್ಟರ್ ಮುಟ್ಟಿದೆ. ತಣ್ಣಗಿತ್ತು. ಅಷ್ಟು ಓಡಿಸಿದ ಮೇಲೂ ಕೆಂಪು ಪಿನ್ ಅಳತೆ 0.04ರಲ್ಲೇ ನಿಂತಿದೆ.

ಬ್ಯಾಟರಿ ನೀರಿನ ವಿಷಯ

ಇದು ಈ ಕೆಲಸದಲ್ಲಿ ಸಿಕ್ಕ ಅತಿ ಉಪಯುಕ್ತ ಪಾಠ. ಸ್ವಿಚ್ ರಿಪೇರಿಗೆ ಮುಂಚೆ, ಲೈಟ್ ಆಫ್ ಇಟ್ಟು ಎಂಜಿನ್ ಏರಿಸಿದಾಗ ಬ್ಯಾಟರಿ ಮೇಲೆ 15.3 ವೋಲ್ಟ್ ಬರುತ್ತಿತ್ತು. ಅಷ್ಟು ಬಂದರೆ ಬ್ಯಾಟರಿ ಕುದ್ದು ನೀರು ಆರುತ್ತದೆ. ಚಾರ್ಜಿಂಗ್ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ ಅಂತ ಬದಲಾಯಿಸಲು ಸಿದ್ಧನಾಗಿದ್ದೆ.

ವೈರಿಂಗ್ ನಕ್ಷೆ ಹಿಡಿದು ನೋಡಿದರೆ, ಈ ಗಾಡಿಯ ರೆಗ್ಯುಲೇಟರ್ ವೋಲ್ಟೇಜ್ ನೋಡುವುದು ಬ್ಯಾಟರಿಯಲ್ಲಿ ಅಲ್ಲ, ಸ್ವಿಚ್ ದಾಟಿದ ಮೇಲಿನ ಕರಿ ವೈರಿನಲ್ಲಿ. ಲೈಟ್ ಆಫ್ ಇದ್ದಾಗ ಕಾಯಿಲ್ ಕರೆಂಟ್ ಒಂದಕ್ಕೇ ದಾರಿಯಲ್ಲಿ 0.9 ವೋಲ್ಟ್ ನಷ್ಟವಾಗುತ್ತಿತ್ತು. ರೆಗ್ಯುಲೇಟರ್‌ಗೆ 14.4 ಕಂಡಾಗ ಬ್ಯಾಟರಿಯಲ್ಲಿ 15.3 ಇರುತ್ತಿತ್ತು. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು, ಅದಕ್ಕೆ ತಲುಪುತ್ತಿದ್ದ ಸುದ್ದಿ ತಪ್ಪಾಗಿತ್ತು. ರಿಪೇರಿ ಆದ ಮೇಲೆ ರೆಗ್ಯುಲೇಟರ್ ಮುಟ್ಟದೆಯೇ ಅಳೆದೆ. ಬ್ಯಾಟರಿ ಮೇಲೆ 14.5.

ಹಳೇ ಗಾಡಿಯಲ್ಲಿ ಓವರ್‌ಚಾರ್ಜ್ ಕಂಡರೆ, ರೆಗ್ಯುಲೇಟರ್ ಬಿಚ್ಚುವ ಮುಂಚೆ ಒಂದು ಪ್ರೋಬ್ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ರೆಗ್ಯುಲೇಟರ್‌ನ ಕರಿ ವೈರಿಗೆ ಹಿಡಿಯಿರಿ. ಎಂಜಿನ್ ಓಡುತ್ತಿರುವಾಗ ಅಲ್ಲಿ ಕಾಲು ವೋಲ್ಟಿಗಿಂತ ಜಾಸ್ತಿ ಬಂದರೆ ಮೊದಲು ಕನೆಕ್ಟರ್, ಫ್ಯೂಸ್ ಮತ್ತು ಸ್ವಿಚ್ ನೋಡಿ.

ಉಳಿದಿರುವುದು ಹಿಂದಿನ ಲೈಟಿನ ಕಂದು ವೈರ್. ಸೀಟಿನ ಕೆಳಗೆ ಅದರ 3.9 ಮಿಲಿಮೀಟರ್ ಬುಲೆಟ್ ಕನೆಕ್ಟರ್‌ಗಳಿಗೂ ಹಸಿರು ಕಿಲುಬು ಹತ್ತಿದೆ. ಅಲ್ಲಿ ಅಳೆದಾಗ 0.5 ವೋಲ್ಟ್ ಬಂತು. ಬ್ಯಾಟರಿಯ ಪ್ರತಿ ಸೆಲ್ಲಿನ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿದ್ದೇನೆ. ಸೀಟ್ ಎತ್ತಿ ಬುಲೆಟ್‌ಗಳನ್ನು ಬದಲಾಯಿಸುವಾಗ ಆ ಗೆರೆಯನ್ನೂ ನೋಡುತ್ತೇನೆ.